ಸುತ್ತ ಕತ್ತರಿಸಿದ ಚಿತ್ರ

ನಮ್ಮ ಅತ್ತಿಗೆಯ ಆಫೀಸಿನ ಮೇಲ್ವಿಚಾರಕನಿಗೆ ಅಲ್ಲಿನವರು ಇಟ್ಟ ಹೆಸರು ಹದ್ದಿನಕಣ್ಣು. ಹೊಗಳಿ ಇಟ್ಟದ್ದೆಂದು ಆ ಪುಣ್ಯಾತ್ಮ ಇವತ್ತಿಗೂ ನಂಬಿದ್ದಾನೆ.

ಫೋಟೋದಲ್ಲಿರುವ ವಸ್ತುವಿನ ಸುತ್ತ ಚೌಕ ಎಳೆದು, ಇದು ಬಕೆಟ್ಟು, ಇದು ಛತ್ರಿ ಎಂದು ಬರೆಯುವುದು ಅತ್ತಿಗೆಯ ಕೆಲಸ. ಅದನ್ನು ನೋಡಿ ಕಂಪ್ಯೂಟರ್ ಕಲಿಯುತ್ತದಂತೆ. ನಾಲ್ಕು ವರ್ಷ ಅದೇ ಕುರ್ಚಿ, ಅದೇ ಕಿಟಕಿ, ಹದ್ದಿನಕಣ್ಣಿನ ಮೇಜಿನಿಂದ ಎರಡು ಮಾರು ದೂರ. ಅಣ್ಣ ಕಾಲು ಮುರಿದುಕೊಂಡು ಮಲಗಿದ್ದ, ನನ್ನದು ಇನ್ನೂ ಓದು. ಮನೆ ನಡೆಯುತ್ತಿದ್ದದ್ದು ಅತ್ತಿಗೆಯ ಸಂಬಳದಲ್ಲೇ.

ಒಂದು ದಿನ ಹದ್ದಿನಕಣ್ಣಿಗೆ ಜ್ಞಾನೋದಯವಾಯಿತು. ಜನ ಫೋಟೋ ಪೂರ್ತಿ ನೋಡುತ್ತಾ ಹೊತ್ತು ಕಳೆಯುತ್ತಾರೆ, ವಸ್ತುವನ್ನಷ್ಟೇ ಕತ್ತರಿಸಿ ಕೊಟ್ಟರೆ ಅಷ್ಟೇ ಹೊತ್ತಿನಲ್ಲಿ ದುಪ್ಪಟ್ಟು ಕೆಲಸ! ಮರುದಿನ ಅತ್ತಿಗೆಯ ಮುಂದೆ ಮಸುಕಾದ ಒಂದು ಬಿಳಿ ತುಂಡು ಬಂತು. ನಲ್ಲಿಯ ಪಕ್ಕದಲ್ಲಿದ್ದರೆ ಸೋಪು, ಪುಸ್ತಕದ ಪಕ್ಕದಲ್ಲಿದ್ದರೆ ರಬ್ಬರು. ಪಕ್ಕವೇ ಇಲ್ಲದಿದ್ದರೆ?

"ಸುತ್ತ ಏನಿದೆ ತೋರಿಸಿ ಸರ್, ತಕ್ಷಣ ಹೇಳ್ತೀನಿ. ಇಲ್ದಿದ್ರೆ ಕಂಪ್ಯೂಟರೂ ನನ್ನ ಹಾಗೇ ತಡಕಾಡುತ್ತೆ."

ಹದ್ದಿನಕಣ್ಣು ಕತ್ತೆತ್ತಲೂ ಇಲ್ಲ. ಕಣ್ಣಿದ್ದವರಿಗೆ ವಸ್ತು ಸಾಕು, ಅದರ ನೆಂಟರಿಷ್ಟರೆಲ್ಲ ಬೇಕಿಲ್ಲ ಎಂದನಂತೆ. ಬಾಯಿಗೆ ಬಂದದ್ದನ್ನು ಬರೆಯಲು ಅತ್ತಿಗೆ ಒಪ್ಪಲಿಲ್ಲ. ತಿಂಗಳ ಕೊನೆಗೆ, ಬಲು ನಿಧಾನ ಎಂದು ಕೆಲಸದಿಂದ ತೆಗೆದ. ಅವನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅತ್ತಿಗೆ ಅರ್ಧ ಸಂಬಳಕ್ಕೆ ಜೆರಾಕ್ಸ್ ಅಂಗಡಿ ಸೇರಿದರು. ಆರು ತಿಂಗಳಾಗಿರಬೇಕು, ನಾನು ಊಟದ ಡಬ್ಬಿ ಕೊಡಲು ಹೋಗಿದ್ದಾಗ ಹದ್ದಿನಕಣ್ಣು ಅಂಗಡಿಗೆ ಬಂದ. ಅವನ ಕಂಪ್ಯೂಟರ್ ಕಾರಿನ ಸ್ಟೀರಿಂಗನ್ನು ತಟ್ಟೆ ಎಂದು ಕರೆಯತೊಡಗಿದ್ದರಿಂದ, ಕೆಲಸ ಕೊಟ್ಟಿದ್ದ ಕಂಪನಿಯವರು ಮಾಡಿದ್ದೆಲ್ಲವನ್ನೂ ಅವನ ಮುಖಕ್ಕೆ ಎಸೆದ ಸುದ್ದಿ ಹಳೆಯ ಗೆಳತಿಯರಿಂದ ನಮಗೆ ಮುಟ್ಟಿತ್ತು. ಅವನು ನೀಡಿದ ಕಾಗದದಲ್ಲಿ, 'ಅನುಭವಸ್ಥರು ಬೇಕಾಗಿದ್ದಾರೆ, ಹಳಬರಿಗೆ ಆದ್ಯತೆ' ಎಂದಿತ್ತು. ಐವತ್ತು ಪ್ರತಿ ಬೇಕೆಂದ. ಅತ್ತಿಗೆಯ ಮುಖ ನೋಡಿಯೇ ಹೇಳಿದ, ಆದರೂ ಅವನಿಗೆ ಗುರುತು ಹತ್ತಲಿಲ್ಲ.

ನಾನು ಬಾಯಿ ತೆರೆದೆ. ಅತ್ತಿಗೆ ಕಣ್ಣಲ್ಲೇ ಸುಮ್ಮನಿರಿಸಿದರು. ಆ ಕಾಗದದಲ್ಲಿದ್ದ ಕೆಲಸ ನಮಗೆ ಎಷ್ಟು ಬೇಕಿತ್ತೆಂದು ಇಬ್ಬರಿಗೂ ಗೊತ್ತು. ಅವರು ಪ್ರತಿ ತೆಗೆದು, ಅಂಚು ಸರಿಮಾಡಿ ಕೊಟ್ಟರು.

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲಮ್ಮಾ," ಎಂದ.

"ಕುರ್ಚಿ, ಕಿಟಕಿ ಎಲ್ಲ ಕತ್ತರಿಸಿಬಿಟ್ರಲ್ಲ ಸರ್," ಎಂದರು ಅತ್ತಿಗೆ. "ಇನ್ನು ಗುರುತು ಎಲ್ಲಿ ಸಿಗುತ್ತೆ?"

ಯಾವ ಕುರ್ಚಿ ಎಂದು ಅವನು ಕೇಳಿದ. ಅತ್ತಿಗೆ ಅಷ್ಟರಲ್ಲಿ ಮುಂದಿನವರ ಕಾಗದಕ್ಕೆ ಕೈ ಚಾಚಿದ್ದರು.