ಗಡಿಯಾಚೆಯ ಕುರ್ಚಿ

ಬರ್ಮಿಂಗ್‌ಹ್ಯಾಮ್ ನಗರಕ್ಕೆ ಅಂಟಿಕೊಂಡೇ ಇನ್ನೊಂದು ದೊಡ್ಡ ಊರಿದೆ. ಅಂಟಿಕೊಂಡು ಅಂದರೆ, ನೋಡಿದವರಿಗೆ ಎರಡೂ ಒಂದೇ. ಆದರೆ ಊರಾಡಳಿತ ನೋಡುವ ಕೌನ್ಸಿಲ್ ಬೇರೆ ಬೇರೆ. ಆ ಊರಿನ ಕೌನ್ಸಿಲ್‌ಗಾಗಿ ನಾನು ವಿಳಾಸಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಗಡಿ ಒಂದು ಮನೆಯ ನಡುವೆಯೇ ಹಾದುಹೋಗಿತ್ತು. ಮಲಗುವ ಕೋಣೆ ನಮ್ಮ ಕಡೆ, ಅಡುಗೆಮನೆ ನಗರದ ಕಡೆ. ಮನೆಯವರು ಎಲ್ಲಿ ಮಲಗುತ್ತಾರೋ ಆ ಕೌನ್ಸಿಲ್‌ಗೆ ಮನೆ ಸೇರುತ್ತದೆ ಎಂದು ನಮ್ಮ ಆಫೀಸಿನ ನಿಯಮ. ಕೇಳಿಬರಲು ನಾನೇ ಹೋದೆ.

ಆ ಮನೆಯಲ್ಲಿ ಮಿಸೆಸ್ ಹಾಲ್ ಎಂಬ ಮುದುಕಿ ಒಬ್ಬರೇ ಇದ್ದರು. ನಮ್ಮ ಕೌನ್ಸಿಲ್ ಕಳಿಸುತ್ತಿದ್ದ ಜೂನ್ ಎಂಬಾಕೆ ದಿನಾ ಬೆಳಿಗ್ಗೆ ಬಂದು ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು ಹೋಗುತ್ತಿದ್ದಳು.

"ನೀವು ಮಲಗೋದು ಎಲ್ಲಿ?" ಎಂದೆ. ಅಜ್ಜಿಯ ವಯಸ್ಸಿನವರನ್ನು ಹಾಗೆ ಕೇಳಲು ನಾಚಿಕೆಯಾಯಿತು.

"ಒಂದು ಟೀ ಕೂಡ ಕುಡಿದಿಲ್ಲ, ಆಗಲೇ ಈ ಪ್ರಶ್ನೆನಾ!" ಎಂದು ನಕ್ಕರು. "ಗಂಡ ಹೋದ ಮೇಲೆ ಆ ಮಂಚದಲ್ಲಿ ನಿದ್ದೆ ಬರಲ್ಲ ಮಗೂ. ಅಡುಗೆಮನೆ ಕುರ್ಚಿಯಲ್ಲೇ ಮಲಗ್ತೀನಿ. ಯಾಕೆ, ಜೂನ್ ಬರೋದಕ್ಕೇನೂ ತೊಂದರೆಯಿಲ್ಲ ತಾನೆ?"

"ಇಲ್ಲ, ಇದು ಬರೀ ಕಂಪ್ಯೂಟರಿಗೆ," ಎಂದೆ. ನಾನು ಹಾಗೆಯೇ ನಂಬಿದ್ದೆ.

ಇದ್ದದ್ದನ್ನು ಇದ್ದ ಹಾಗೆ ತುಂಬಿದೆ. ಮನೆ ನಗರದ ಪಾಲಿಗೆ ಹೋಯಿತು. ಮುಂದಿನ ವಾರ ಜೂನ್ ಬರುವುದು ನಿಂತಿತು. ಆರೈಕೆಯವಳನ್ನು ಕಳಿಸಲು ನಗರದವರು ಹೊಸ ಅರ್ಜಿ ಕೇಳಿದರು. ಅದು ಮಂಜೂರಾಗಿ ಅವರ ಕಡೆಯವಳು ಬಾಗಿಲು ತಟ್ಟಿದಾಗ ಮಿಸೆಸ್ ಹಾಲ್ ಅದೇ ಕುರ್ಚಿಯಲ್ಲಿ ಸತ್ತಿದ್ದರು.

ನನ್ನ ಪಟ್ಟಿಯಲ್ಲಿ ಒಂದೂ ತಪ್ಪಿಲ್ಲವೆಂದು ಮ್ಯಾನೇಜರ್ ಹೊಗಳಿದರು. ನಿಜ. ಮಿಸೆಸ್ ಹಾಲ್ ಸತ್ತದ್ದು ಕೂಡ ನಾನು ಬರೆದ ಕಡೆಯಲ್ಲೇ.