ಜೆಬೆಲ್ ಅಲಿಯಲ್ಲಿ ಕೇಳಿದ ಒಂದು ಪ್ರಶ್ನೆ

ನಾನು ದುಬೈಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಊರು ಉಡುಪಿಯ ಕಡೆ, ಮನೆಮಾತು ಕೊಂಕಣಿ. ಭಾನುವಾರ ರಜೆ ಸಿಕ್ಕಾಗಲೆಲ್ಲ ಕರಾವಳಿಯವರ ಒಂದು ಸೇವಾ ಬಳಗದ ಜೊತೆ ಜೆಬೆಲ್ ಅಲಿಯಲ್ಲಿ ಕೆಲಸಗಾರರು ಉಳಿಯುವ ಲೇಬರ್ ಕ್ಯಾಂಪಿಗೆ ಹೋಗುತ್ತೇನೆ. ಅಲ್ಲಿ ಊಟದ ಹಾಲಿನಲ್ಲಿ ಮೇಜು ಹಾಕಿ ಬಿಪಿ, ಶುಗರ್ ನೋಡುತ್ತೇವೆ. ಅದು ಅರ್ಧ ನೆಪ. ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಕೂತವರು ನಾಲ್ಕು ಮಾತಾಡುತ್ತಾರೆ, ನಾವು ಹೋಗುವುದು ಆ ಮಾತಿಗಾಗಿಯೇ.

ನಮಗೆ ತರಬೇತಿ ಕೊಟ್ಟವರು ಮಾನಸಿಕ ರೋಗಿಗಳ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸ್. ಎಲ್ಲರಿಗೂ ಅವರು ದೊಡ್ಡಕ್ಕ. ಅನುಮಾನ ಬಂದರೆ ಸುತ್ತಿ ಬಳಸಿ ಮಾತಾಡಬೇಡಿ, ಸಾಯಬೇಕು ಅನ್ನಿಸುತ್ತಿದೆಯಾ ಎಂದೇ ಕೇಳಿ, ಕೇಳಿದ ಮಾತ್ರಕ್ಕೆ ಯಾರಿಗೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಎಂದಿದ್ದರು. ನಾವು ಒಬ್ಬರನ್ನೊಬ್ಬರು ಕೇಳಿ ಅಭ್ಯಾಸ ಮಾಡಿದೆವು. ಇಂಗ್ಲಿಷಿನಲ್ಲಿ ಸಲೀಸಾಗಿ ಬಂತು. ಕನ್ನಡದಲ್ಲಿ ಕೇಳಲು ಹೋದರೆ ನನಗೆ ನಾಲಗೆಯೇ ಏಳಲಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಬಾಯಿಗೆ ಬಂದರೆ ಅಮ್ಮ ಗದರುತ್ತಿದ್ದರು.

ಹೀಗೊಂದು ಭಾನುವಾರ ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಮರೊಬ್ಬರು ನನ್ನೆದುರು ಬಂದು ಕೂತರು. ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸುವವರು, ನನ್ನದೇ ಪ್ರಾಯ. ಬಿಪಿ ಸ್ವಲ್ಪ ಹೆಚ್ಚಿತ್ತು. ಯಾವುದಾದರೂ ಚಿಂತೆಯೋ ಎಂದು ಕೇಳಿದ್ದಕ್ಕೆ ನಿಧಾನವಾಗಿ ಹೇಳಿದರು. ಅವರು ಎತ್ತಿದ್ದ ಸರಕು ಜಾರಿ ಅವರ ರೂಮಿನವನೇ ಆದ ಒಬ್ಬ ನೇಪಾಳಿಯ ಕಾಲಿನ ಮೇಲೆ ಬಿದ್ದಿತ್ತು. ಸರಕಿನಡಿಯ ಮರದ ಹಲಗೆ ಮುರಿದದ್ದೇ ಕಾರಣ, ನಿನ್ನ ತಪ್ಪಿಲ್ಲ ಎಂದು ಕಂಪನಿಯವರೂ ಹೇಳಿದ್ದರು. ಇವರಿಗೆ ಮಾತ್ರ ಅದು ಒಳಗೆ ಇಳಿದಿರಲಿಲ್ಲ. ಆ ಹುಡುಗನನ್ನು ನೋಡಲು ಆಸ್ಪತ್ರೆಗೂ ಹೋಗಿರಲಿಲ್ಲ.

ಮಾತಿನ ನಡುವೆ, ರೈಸ್ ಕುಕ್ಕರನ್ನು ಪಕ್ಕದ ರೂಮಿನವರಿಗೆ ಕೊಟ್ಟೆ, ಒಳ್ಳೆಯ ಕಂಬಳಿಯಿತ್ತು, ಅದನ್ನೂ ಕೊಟ್ಟೆ ಎಂದರು. ಊರಿಗೆ ಹೋಗುವವರು ಹಾಗೆ ಹಂಚುವುದುಂಟು.

“ಊರಿಗೆ ಹೋಗ್ತಿದ್ದೀರಾ?”

“ಇಲ್ಲ.”

ಹಿಂದೆ ಸಾಲು ಬೆಳೆದಿತ್ತು. ನಾನು ಪಟ್ಟಿ ಬಿಚ್ಚಿ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡೆ. ಸ್ವರ ತಗ್ಗಿಸಿ ಕೇಳಿಯೇಬಿಟ್ಟೆ.

“ನಿಮಗೆ ಸಾಯ್ಬೇಕು ಅಂತ ಅನ್ನಿಸ್ತಾ ಉಂಟಾ?”

ಅವರು ಬೆಚ್ಚಲಿಲ್ಲ, ಸಿಟ್ಟಾಗಲಿಲ್ಲ. ಅಷ್ಟು ಹೊತ್ತು ಕುರ್ಚಿಯ ತುದಿಯಲ್ಲಿದ್ದವರು ಹಿಂದಕ್ಕೆ ಒರಗಿ ಕೂತರು.

“ಹೌದು ಸಿಸ್ಟರ್. ಯಾರ ಹತ್ರ ಹೇಳುವುದಂತ ಗೊತ್ತಾಗ್ಲಿಲ್ಲ.”

ಸಾಲನ್ನು ಜೊತೆಯವರಿಗೆ ಒಪ್ಪಿಸಿ ದೊಡ್ಡಕ್ಕನನ್ನು ಕರೆದೆ. ಅವರು ಬಂದು ಬುದ್ಧಿ ಹೇಳಲಿಲ್ಲ, ಹೆಂಡತಿ ಮಕ್ಕಳ ಮುಖ ನೋಡು ಎನ್ನಲಿಲ್ಲ. ಚಾ ತರಿಸಿ ಕೇಳುತ್ತಾ ಕೂತರು. ಆ ಮನುಷ್ಯ ಅತ್ತರು, ಮತ್ತೆ ಮಾತಾಡಿದರು. ಅವತ್ತು ಅವರನ್ನು ಒಂಟಿಯಾಗಿ ಬಿಡಲಿಲ್ಲ. ಕ್ಯಾಂಪಿನ ಸೂಪರ್‌ವೈಸರನ್ನು ಒಪ್ಪಿಸಿ ನಾವೇ ವೈದ್ಯರ ಬಳಿ ಕರೆದುಕೊಂಡು ಹೋದೆವು. ಅವರೇ ಕೇಳಿಕೊಂಡದ್ದರಿಂದ ಅಲ್ಲಿಂದಲೇ ಊರಿಗೆ ಫೋನ್ ಮಾಡಿ ಹೆಂಡತಿಗೆ ತಿಳಿಸಿದೆವು. ಆಕೆ ಮೊದಲು ಕೇಳಿದ್ದು ಅವರು ಊಟ ಮಾಡಿದ್ದಾರಾ ಎಂದು.

ಔಷಧಿ ಶುರುವಾಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ, ಆ ಹುಡುಗನನ್ನು ನೋಡಬೇಕು, ಜೊತೆಗೆ ಬರ್ತೀರಾ ಎಂದು ಕೇಳಿದರು. ವಾರ್ಡಿನ ಬಾಗಿಲಲ್ಲಿ ಅವರ ಕಾಲು ನಿಂತುಬಿಟ್ಟಿತು. ಒಳಗಿನಿಂದ ಹುಡುಗನೇ ನೋಡಿ, ಇಷ್ಟು ದಿನ ಎಲ್ಲಿದ್ದೆ ಭಾಯಿ, ನಿನಗೂ ಪೆಟ್ಟಾಗಿದೆಯೇನೋ ಎಂದು ಹೆದರಿದ್ದೆ ಎಂದು ಹಿಂದಿಯಲ್ಲಿ ಅಂದ. ನಾನು ಹೊರಗೆ ಉಳಿದೆ. ಅವರ ಮಾತು ಅವರಿಗಿರಲಿ.

ಎಲ್ಲವೂ ಅಲ್ಲಿಗೆ ಸರಿಹೋಗಲಿಲ್ಲ. ನಡುವೆ ಒಮ್ಮೆ ಔಷಧಿ ಬಿಟ್ಟು ಮತ್ತೆ ಕುಸಿದರು. ಆಗ ತಾವಾಗಿಯೇ ದೊಡ್ಡಕ್ಕನಿಗೆ ಫೋನ್ ಮಾಡಿದರು. ಫೋರ್ಕ್‌ಲಿಫ್ಟ್ ಮತ್ತೆ ಹತ್ತಲಿಲ್ಲ. ಈಗ ಅದೇ ಗೋದಾಮಿನಲ್ಲಿ ಪೆಟ್ಟಿಗೆ ಸ್ಕ್ಯಾನ್ ಮಾಡುತ್ತಾರೆ. ಕುಂಟುತ್ತಲೇ ನೇಪಾಳಕ್ಕೆ ಮರಳಿದ ಹುಡುಗ ಆಗಾಗ ವೀಡಿಯೊ ಕಾಲ್ ಮಾಡುತ್ತಾನಂತೆ. ಏನು ಮಾತಾಡ್ತೀರಿ ಎಂದು ಕೇಳಿದೆ. ಕ್ರಿಕೆಟ್ಟು, ಅವನ ಮೊಣಕಾಲು, ಅವನು ಹೊಸದಾಗಿ ಕೊಂಡ ಎಮ್ಮೆ ಎಂದರು. ಎಮ್ಮೆಗೆ ಇವರೇ ಹೆಸರಿಡಬೇಕಂತೆ. ಇನ್ನೂ ಯೋಚಿಸುತ್ತಿದ್ದಾರೆ.