ಮೊದಲ ಹದಿನಾಲ್ಕು ಹಾಳೆಗಳು

ಮಾನ್ಯ ಓದುಗರಲ್ಲಿ,

ಮೊದಲನೆಯದಾಗಿ ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ಕ್ಷಮೆ ಕೋರುತ್ತೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಟೈಪ್ ಮಾಡಿ ಜೀವನ ಸಾಗಿಸಿದವನು ಲೇಖನಿ ಹಿಡಿದರೆ ಅಕ್ಷರಗಳು ಸಾಲಿನಲ್ಲಿ ನಿಲ್ಲುವುದಿಲ್ಲ. ಇಂದಿನವರೆಗೆ ನಾನು ಸಿದ್ಧಪಡಿಸಿದ್ದೆಲ್ಲ ಬೇರೆಯವರ ಅರ್ಜಿ, ಬೇರೆಯವರ ಮನವಿ. ನನ್ನದೇ ವಿಷಯ ಬರೆಯುತ್ತಿರುವುದು ಇದೇ ಮೊದಲಾದ ಕಾರಣ, ನನಗೆ ಬರುವ ಒಂದೇ ಧಾಟಿಯಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ವಿಷಯವೇನೆಂದರೆ, ನಾನು ಮದುವೆಯಾಗದೆ ಉಳಿದದ್ದು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನೂ ನನ್ನ ತಾಯಿಯವರೂ ರಾಜಾಜಿನಗರದ ಒಂದು ವಠಾರದಲ್ಲಿ ವಾಸವಾಗಿದ್ದೆವು. ತಂದೆಯವರು ಮೂಡಲಪಾಳ್ಯದ ರೈತರು. ಹೊಲದ ಬದುವಿನ ಜಗಳದಲ್ಲಿ ಗುದ್ದಲಿಯ ಕಾವಿನಿಂದ ದಾಯಾದಿಯೊಬ್ಬರ ತಲೆಗೆ ಹೊಡೆದರು. ಆ ವ್ಯಕ್ತಿ ಮೂರನೆಯ ದಿನ ತೀರಿಕೊಂಡರು. ತಂದೆಯವರಿಗೆ ಜೀವಾವಧಿ ಶಿಕ್ಷೆಯಾಯಿತು. ಆಗ ನನಗೆ ಐದು ವರ್ಷ. ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ಅವರು ಜೈಲಿನಲ್ಲಿಯೇ ಕಾಯಿಲೆಯಿಂದ ಮೃತರಾದರು.

ನಮ್ಮ ಮನೆಯಲ್ಲಿ ಮಚ್ಚು ಇರಲಿಲ್ಲ. ತೆಂಗಿನಕಾಯಿ ಒಡೆಯಬೇಕಾದರೆ ತಾಯಿಯವರು ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ವಠಾರದ ನಲ್ಲಿಯ ಹತ್ತಿರ ಮಾತಿಗೆ ಮಾತು ಬೆಳೆದರೆ, ಜಗಳ ಯಾರದ್ದೇ ಆಗಿರಲಿ, ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದರು. ಊರಿನಿಂದ ಬಂದ ನೆಂಟರು ನನ್ನ ಗಲ್ಲ ಹಿಡಿದು ತಿರುಗಿಸಿ, "ಅಚ್ಚು ಅವ್ರಪ್ಪನೇ ಕಣಮ್ಮ. ಕಿವಿ ನೋಡು, ದವಡೆ ನೋಡು" ಎನ್ನುವರು. ತಾಯಿಯವರು ಆಗ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಅವರು ನನಗೆ ಹೆದರುತ್ತಾರೆಂದೇ ನಾನು ತಿಳಿದಿದ್ದೆ. ಆದ್ದರಿಂದ ಎಲ್ಲಿಯೂ ದನಿ ಎತ್ತದೆ ಬೆಳೆದೆ. ಸ್ನೇಹಿತರು ಆಗಲಿಲ್ಲ. ಸ್ನೇಹದಲ್ಲಿ ಜಗಳವೂ ಬರುತ್ತದಷ್ಟೆ.

ವಠಾರದಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಒಂದು ಜಾಬ್ ಟೈಪಿಂಗ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿ ಮಾಲೀಕರು ಮೊದಲ ದಿನವೇ ಹೇಳಿಕೊಟ್ಟ ನಿಯಮವೊಂದಿತ್ತು. "ಕಣ್ಣಿಂದ ಬೆರಳಿಗೆ ಹೋಗ್ಬೇಕು. ಮಧ್ಯೆ ತಲೆಗೆ ಹೋಗ್ಬಾರ್ದು. ತಲೆಗೆ ಹೋದ್ರೆ ತಪ್ಪು ಬೀಳತ್ತೆ." ಎಂಟು ವರ್ಷ ಈ ನಿಯಮವನ್ನು ಪಾಲಿಸಿದೆ. ಗಂಡ ಹೆಂಡಿರ ದಾವೆ, ವರ್ಗಾವಣೆಯ ಕೋರಿಕೆ, ಮರಣದ ದೃಢೀಕರಣ, ಯಾವುದೂ ತಲೆಗೆ ಹೋಗಲಿಲ್ಲ.

ಒಂಬತ್ತನೆಯ ವರ್ಷದ ಜ್ಯೇಷ್ಠ ಮಾಸದಲ್ಲಿ ಕೆಂಗೇರಿಯಿಂದ ಒಂದು ಸಂಬಂಧ ಬಂದಿತು. ಹುಡುಗಿಯ ತಂದೆಯವರಿಗೆ ಸ್ವಲ್ಪ ಹೊಲವೂ ಸ್ಟೇಷನ್ ರಸ್ತೆಯಲ್ಲಿ ಒಂದು ದಿನಸಿ ಅಂಗಡಿಯೂ ಇದ್ದವು. ಹೆಣ್ಣು ನೋಡಲು ಹೋದಾಗ ತಾಯಿಯವರು ತಲೆ ತಗ್ಗಿಸಿಕೊಂಡೇ ನಮ್ಮ ಮನೆಯ ವಿಚಾರ ಎತ್ತಿದರು. ಹುಡುಗಿಯ ತಂದೆಯವರು ಕೈ ಅಡ್ಡ ಹಿಡಿದು, "ಎಲ್ಲಾ ವಿಚಾರಿಸ್ಕೊಂಡೇ ಬನ್ನಿ ಅಂದಿರೋದು ಕಣಮ್ಮ. ಅಪ್ಪ ಮಾಡಿದ್ದು ಅಪ್ಪನ ತಲೆಗೆ ಆಯ್ತು. ಕಾಫಿ ತಗೊಳಿ, ಆರೋಗತ್ತೆ" ಎಂದರು. ಹುಡುಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಟೈಪ್ ಮಾಡೋವಾಗ ಕೀ ನೋಡೋದೇ ಇಲ್ವಂತೆ, ನಿಜಾನಾ?"

"ನೋಡಬಾರದು" ಎಂದೆ.

"ಮತ್ತೆ ಎಲ್ಲಿ ನೋಡ್ತೀರಾ?" ಎಂದು ಕೇಳಿ ನಕ್ಕರು. ಬಸ್ಸಿನಲ್ಲಿ ಹಿಂತಿರುಗುವಾಗ ನಾನು ಈ ಪ್ರಶ್ನೆಗೆ ಹಲವಾರು ಉತ್ತರಗಳನ್ನು ಯೋಚಿಸಿದೆನೆಂದು ಒಪ್ಪಿಕೊಳ್ಳುತ್ತೇನೆ. ಆಷಾಢ ಬರುವ ಮುಂಚೆ ವೀಳ್ಯ ಬದಲಾಯಿಸಿಕೊಳ್ಳುವುದೆಂದು ಮಾತಾಗಿತ್ತು.

ಅದೇ ವಾರ ಕಾಲೇಜಿನ ಅಧ್ಯಾಪಕರೊಬ್ಬರು ಅಂಗಡಿಗೆ ಬಂದರು. ತಂದದ್ದು ಅವರು ಮಾಡಲಿರುವ ಉಪನ್ಯಾಸದ ಹಸ್ತಪ್ರತಿ. ಬರೆದಷ್ಟು ತಂದುಕೊಡುವುದು, ನಾವು ಟೈಪ್ ಮಾಡಿಕೊಡುವುದು, ಉಳಿದದ್ದು ಆಮೇಲೆ. ಇದು ನಮ್ಮ ಕಸುಬಿನಲ್ಲಿ ದಿನನಿತ್ಯದ ಪದ್ಧತಿ. ಮೊದಲ ಕಂತು ಹದಿನಾಲ್ಕು ಹಾಳೆ. ತಲೆಬರಹ, "ಅಪರಾಧಿ ಹುಟ್ಟುತ್ತಾನೆಯೇ?"

ಮೂರನೆಯ ಹಾಳೆಯಲ್ಲಿ ಅದು ನನ್ನ ತಲೆಗೆ ಹೋಯಿತು. ಕೆಲವರು ಅಪರಾಧಿಗಳಾಗಿಯೇ ಹುಟ್ಟುತ್ತಾರೆಂದೂ, ಮುಂಚಾಚಿದ ದವಡೆ ಮತ್ತು ಅಗಲವಾದ ಕಿವಿ ಅದರ ಗುರುತುಗಳೆಂದೂ ಹಿಂದಿನ ಪಂಡಿತರು ತಲೆಬುರುಡೆಗಳನ್ನು ಅಳೆದು ಹೇಳಿದ್ದರಂತೆ. ಕಳ್ಳತನ, ಕೊಲೆ ಮುಂತಾದವು ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತವೆಯಂತೆ. ಈಚೆಗೆ ಕೆಲವು ಕೈದಿಗಳ ರಕ್ತ ಪರೀಕ್ಷಿಸಿ, ಅವರ ಜೀವಕೋಶಗಳಲ್ಲಿ ಒಂದು ವರ್ಣತಂತು ಹೆಚ್ಚಾಗಿರುವುದನ್ನು ಕಂಡಿದ್ದಾರಂತೆ. ಹದಿನಾಲ್ಕನೆಯ ಹಾಳೆಯ ಕೊನೆಯ ವಾಕ್ಯ ಹೀಗಿತ್ತು: "ಹಾಗಾದರೆ ಕೋಪವು ತಂದೆಯಿಂದ ಮಗನಿಗೆ ಆಸ್ತಿಯಂತೆ ಬರುವುದೆಂದೇ ಹೇಳಬೇಕಾಗುತ್ತದೆ."

ಆ ಕೊನೆಯ ಹಾಳೆಗೆ ಬಳಸಿದ ಹೊಸ ಕಾರ್ಬನ್ ಹಾಳೆಯನ್ನು ಮಡಚಿ ಮನೆಗೆ ತಂದೆ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದರೆ ಅಕ್ಷರಗಳು ಕಾಣುತ್ತಿದ್ದವು. ಕ್ಷೌರದಂಗಡಿಯಲ್ಲಿ ಹಿಂದೊಂದು ಮುಂದೊಂದು ಕನ್ನಡಿ ಇದ್ದುದರಿಂದ ಅಲ್ಲಿಗೆ ಹೋಗಿ ಕಿವಿಗಳನ್ನು ಎರಡೂ ಕಡೆಯಿಂದ ಪರಿಶೀಲಿಸಿದೆ. ಕ್ಷೌರಿಕರು, "ಏನ್ ಸಾರ್, ಮದ್ವೆ ಗಂಡು ಕೂದ್ಲು ನೋಡ್ಕೊಂತಾನೆ, ನೀವು ಕಿವಿ ನೋಡ್ಕೊಂತೀರಲ್ಲ! ಓಲೆ ಹಾಕ್ಕೊಳೋ ಯೋಚ್ನೆನಾ?" ಎಂದು ನಗೆಯಾಡಿದರು. ಆ ಹುಡುಗಿಯ ಮೇಲೆ ಒಂದು ದಿನ ನನ್ನ ಕೈ ಏಳುವುದೆಂದು ಆ ಕುರ್ಚಿಯಲ್ಲಿ ಕುಳಿತಾಗ ನನಗೆ ನಿಶ್ಚಯವಾಯಿತು. ಹುಟ್ಟಬಹುದಾದ ಮಗನ ಬಗ್ಗೆಯೂ ಯೋಚಿಸಿದೆ.

ಮರುದಿನ ಅಂಗಡಿಯ ಯಂತ್ರದಲ್ಲಿಯೇ ಪತ್ರ ಸಿದ್ಧಪಡಿಸಿದೆ. "ಅನಿವಾರ್ಯ ಕಾರಣಗಳಿಂದಾಗಿ ಸದರಿ ಪ್ರಸ್ತಾಪವನ್ನು ಮುಂದುವರಿಸಲು ಸಾಧ್ಯವಾಗುತ್ತಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಸಲು ಅಪ್ಪಣೆ ಬೇಡುತ್ತೇನೆ." ಬೇರೆ ಭಾಷೆ ನನಗೆ ತಿಳಿದಿರಲಿಲ್ಲ.

ಮೂರು ದಿನಗಳ ನಂತರ ಹುಡುಗಿಯ ತಂದೆಯವರು ಪತ್ರ ಹಿಡಿದುಕೊಂಡು ಅಂಗಡಿಗೇ ಬಂದರು.

"ಏನಪ್ಪಾ ಇದು? ಕೋರ್ಟ್ ನೋಟೀಸಾ?"

ನಾನು ಎದ್ದು ನಿಂತೆ.

"ಹುಡುಗಿ ಒಪ್ಪಿಗೆ ಆಗ್ಲಿಲ್ವಾ? ಹಂಗೇ ಹೇಳ್ಬಿಡು, ಬೇಜಾರಿಲ್ಲ."

"ಹಾಗಲ್ಲ."

"ಮತ್ತೆ ಹೆಂಗೆ? ಅವ್ಳು ಎರಡು ಸಲ ಓದಿದ್ಲು. ಅರ್ಥ ಆಗ್ಲಿಲ್ಲಪ್ಪ, ನೀನೇ ಹೋಗಿ ಕೇಳ್ಕೊಂಡು ಬಾ ಅಂದ್ಲು."

ಬಾಯಿ ತೆರೆದರೆ ದನಿ ಏರುವುದೋ ಏನೋ ಎಂಬ ಭಯದಿಂದ ನಾನು ಯಂತ್ರಕ್ಕೆ ಹೊಸ ಹಾಳೆ ಏರಿಸತೊಡಗಿದೆ. ಅವರು ಪತ್ರವನ್ನು ಯಂತ್ರದ ಪಕ್ಕದಲ್ಲಿಟ್ಟು ಹೊರಟುಹೋದರು.

ಅಂದು ಸಂಜೆ ತಾಯಿಯವರು ಕಾರಣ ಕೇಳಿದಾಗ, "ನನ್ನ ರಕ್ತ ಸರಿಯಿಲ್ಲಮ್ಮ" ಎಂದೆ. ಅವರು ಬಿಡಿಸುತ್ತಿದ್ದ ಬೆಳ್ಳುಳ್ಳಿ ಕೆಳಗಿಟ್ಟರು.

"ಯಾವನೋ ಅಂದೋನು?"

"ಪುಸ್ತಕದಲ್ಲಿದೆ. ನಿನಗೂ ಗೊತ್ತಿತ್ತಲ್ಲ. ಅದಕ್ಕೇ ತಾನೆ ನನ್ನ ಕೈಗೆ ಮಚ್ಚು ಕೊಡ್ತಿರ್ಲಿಲ್ಲ?"

"ಅಯ್ಯೋ ಮಂಕೆ! ನಿನ್ ಕೈಲಿ ಮಚ್ಚು ಕಂಡ್ರೆ ಜನ ಆಡ್ಕೊಂತಾರಲ್ಲ ಅಂತ ಕಣೋ. ನಿನಗೆ ಹೆದರ್ಕೊಂಡಲ್ಲ. ನಿಮ್ಮಪ್ಪ ಮದುವೆ ಆದಾಗಿಂದ ನನ್ನ ಮೇಲೆ ಒಂದ್ ಸಲ ಕೈ ಮಾಡ್ಲಿಲ್ಲ. ಅವತ್ತು ಆ ದಾಯಾದಿಗಳು ಬದು ಕಿತ್ತು ನಮ್ಮ ಪೈರಿಗೆ ದನ ಬಿಟ್ಟಿದ್ರು. ಮೂರು ವರ್ಷ ಸಹಿಸ್ಕೊಂಡಿದ್ದ. ರಕ್ತ ಅಂತೆ ರಕ್ತ!"

ತಾಯಿಯ ಮಾತನ್ನು ನಾನು ನಂಬಲಿಲ್ಲ. ಅವರು ಓದಿದವರಲ್ಲ, ಹಾಳೆಗಳಾದರೋ ಅಧ್ಯಾಪಕರವು.

ಆಷಾಢ ಕಳೆಯಿತು. ಅಧ್ಯಾಪಕರು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದರಲ್ಲಿದ್ದು ಶ್ರಾವಣದಲ್ಲಿ ಎರಡನೆಯ ಕಂತು ತಂದುಕೊಟ್ಟರು. ಅದರ ಮೊದಲ ಸಾಲನ್ನು ಟೈಪ್ ಮಾಡುತ್ತಿದ್ದಂತೆಯೇ ಬೆರಳು ನಿಂತಿತು. "ಮೇಲಿನ ವಾದಗಳಲ್ಲಿ ಒಂದಾದರೂ ನಿಲ್ಲುವುದಿಲ್ಲ." ಜೈಲಿನೊಳಗಿನ ಕಿವಿಗಳನ್ನು ಅಳೆದವರು ಹೊರಗಿನ ಕಿವಿಗಳನ್ನು ಸರಿಯಾಗಿ ಅಳೆಯಲಿಲ್ಲವೆಂದೂ, ಆ ಹೆಚ್ಚಿನ ವರ್ಣತಂತು ಇದ್ದೂ ಯಾರಿಗೂ ತೊಂದರೆ ಕೊಡದೆ ಬಾಳುವವರು ಎಷ್ಟೋ ಮಂದಿ ಇದ್ದಾರೆಂದೂ, ಬಡತನವೂ ಅವಮಾನವೂ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತವೆಂಬುದನ್ನು ಮರೆತರೆಂದೂ ಹತ್ತು ಹಾಳೆಗಳಲ್ಲಿ ಬರೆದಿದ್ದರು.

ಅಧ್ಯಾಪಕರು ಪ್ರತಿ ಒಯ್ಯಲು ಬಂದಾಗ, "ಸಾರ್, ಮೊದಲ ಭಾಗದಲ್ಲಿ ತಾವು ಬೇರೆ ಹೇಳಿದ್ದಿರಿ" ಎಂದೆ.

ಅವರಿಗೆ ಸಂತೋಷವೇ ಆಯಿತು. "ಓದಿದ್ರಾ? ಭೇಷ್! ಅದು ಪೂರ್ವಪಕ್ಷ ಕಣ್ರೀ. ಎದುರಾಳಿ ಮಾತು ಮೊದ್ಲು ಪೂರ್ತಿ ಗಟ್ಟಿಯಾಗಿ ಹೇಳ್ಬೇಕು, ಆಮೇಲೆ ಕೆಡವ್ಬೇಕು. ನಮ್ಮ ಹಿರೀಕರ ಕ್ರಮ ಅಲ್ವೇ ಅದು?"

"ಹೌದು ಸಾರ್" ಎಂದೆ.

ಆ ಭಾನುವಾರ ಕೆಂಗೇರಿಗೆ ಹೋದೆ. ಹುಡುಗಿಯ ತಂದೆಯವರು ಅಂಗಡಿಯಲ್ಲಿ ರಾಗಿ ಅಳೆಯುತ್ತಿದ್ದರು. ನನ್ನನ್ನು ಕಂಡು ಸ್ಟೂಲು ಎಳೆದು ಹಾಕಿದರು.

"ಬಾಪ್ಪಾ, ಕೂತ್ಕೋ. ಏನ್ ಈ ಕಡೆ?"

"ಸ್ವಲ್ಪ ಕೆಲಸ ಇತ್ತು."

"ಒಳ್ಳೇದಾಯ್ತು ಬಂದಿದ್ದು. ಹುಡುಗಿಗೆ ಗಂಡು ಗೊತ್ತಾಯ್ತು, ಕಾರ್ತೀಕದಲ್ಲಿ ಮದ್ವೆ. ಹುಡ್ಗ ಮಾಗಡಿ ಕಡೆಯೋನು." ಅವರು ಕೈ ಒರೆಸಿಕೊಂಡರು. "ಒಂದ್ ಉಪಕಾರ ಮಾಡ್ತೀಯಾ? ಲಗ್ನಪತ್ರಿಕೆ ಒಕ್ಕಣೆ ಬರ್ಕೊಡು. ಏನೇ ಅನ್ನು, ನಿನ್ನ ಕಾಗದ ಗಂಭೀರವಾಗಿತ್ತು."

ಒಕ್ಕಣೆಯನ್ನು ಮರುದಿನ ತಪ್ಪಿಲ್ಲದೆ ಟೈಪ್ ಮಾಡಿ ಅಂಚೆಯಲ್ಲಿ ಕಳುಹಿಸಿಕೊಟ್ಟೆ.

ಆನಂತರ ಬೇರೆ ಎರಡು ಸಂಬಂಧಗಳು ಬಂದವು. ಒಪ್ಪಿಕೊಳ್ಳಲಿಲ್ಲ. ಎರಡನೆಯ ಕಂತಿನ ಹತ್ತು ಹಾಳೆಗಳು ನನಗೆ ಬಾಯಿಪಾಠವಾಗಿದ್ದವು, ಅವು ಸರಿಯೆಂಬುದರಲ್ಲಿ ಸಂಶಯವೂ ಇರಲಿಲ್ಲ. ಆದರೂ ಹೆಣ್ಣಿನ ಮನೆಯ ಬಾಗಿಲ ಹತ್ತಿರ ನಿಂತಾಗ ಮೊದಲ ಹದಿನಾಲ್ಕು ಹಾಳೆಗಳೇ ಕೈಗೆ ಬರುತ್ತಿದ್ದವು. ತಾಯಿಯವರು ಹೋದ ಮೇಲೆ ಮನೆಯಲ್ಲಿ ದನಿ ಎತ್ತಲು ಯಾರೂ ಇಲ್ಲ. ಇಷ್ಟು ವರ್ಷಗಳಲ್ಲಿ ನಾನು ಯಾರನ್ನೂ ಹೊಡೆದಿಲ್ಲ. ಇದು ನನ್ನ ರಕ್ತದ ಗುಣವೋ, ಎದುರಿಗೆ ಯಾರೂ ಇಲ್ಲದಿದ್ದುದರ ಫಲವೋ ನಿರ್ಧರಿಸಲು ಶಕ್ತನಾಗಿಲ್ಲ.

ಈ ಬರಹದಲ್ಲಿ ಅಕ್ಷರದೋಷ, ವಾಕ್ಯದೋಷ ಕಂಡುಬಂದಲ್ಲಿ ತಿದ್ದಿಕೊಳ್ಳಬೇಕಾಗಿಯೂ, ವಿಚಾರದಲ್ಲಿಯೇ ತಪ್ಪಿದ್ದರೆ ಅಂಚಿನಲ್ಲಿ ಗುರುತು ಹಾಕಿ ನನಗೆ ತಿಳಿಸಬೇಕಾಗಿಯೂ ಬೇಡಿಕೊಳ್ಳುತ್ತೇನೆ.

ಇಂತಿ ತಮ್ಮ ವಿಧೇಯ.